ಗಂಟೆ ಹೊಡೆದರೂ ಬಿಡದ ಬಂಧ

ಪ್ರೀತಿಯ ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ನಿನ್ನೆ ತರಗತಿಯಲ್ಲಿ ಅಮೈನೋ ಆಮ್ಲಗಳು ಕೂಡಿ ಪ್ರೋಟೀನ್ ಆಗುವ ಪಾಠವಿತ್ತು. ಬೋರ್ಡಿನ ಮೇಲೆ ಬರೆದರೆ ಮಕ್ಕಳು ಆಕಳಿಸುತ್ತಾರೆಂದು ಅವರನ್ನೇ ಆಮ್ಲಗಳನ್ನಾಗಿ ಮಾಡಿ ಸಾಲಾಗಿ ನಿಲ್ಲಿಸಿದೆ. ಒಬ್ಬರ ಬಲಗೈ ಇನ್ನೊಬ್ಬರ ಎಡಗೈಯನ್ನು ಹಿಡಿಯಬೇಕು. ಹಿಡಿಯುವಾಗ ಬಲಗೈಯವರು OH, ಎಡಗೈಯವರು H ಎಂದು ಬರೆದ ಚೀಟಿಯನ್ನು ಕೆಳಗೆ ಹಾಕಬೇಕು. ಬಿದ್ದ ಎರಡು ಚೀಟಿ ಸೇರಿದರೆ ಒಂದು ನೀರಿನ ಅಣು. ಕೂಡಿಕೊಂಡ ಕೈಗಳೇ ಪೆಪ್ಟೈಡ್ ಬಂಧ, ಅದು ಸುಲಭಕ್ಕೆ ಬಿಡುವುದಿಲ್ಲ ಎಂದು ಮಕ್ಕಳಿಗೆ ಹೇಳಿದೆ.

ಸಾಲಿನ ತುದಿಯಲ್ಲಿ ನಾನೂ ನಿಂತೆ. ಬಾಗಿಲಲ್ಲಿ ಇಣುಕುತ್ತಿದ್ದ ಗಣಿತದ ಮೇಷ್ಟ್ರನ್ನು ಮಕ್ಕಳು ಎಳೆತಂದು ನನ್ನ ಪಕ್ಕ ನಿಲ್ಲಿಸಿದರು. ಗಂಟೆ ಹೊಡೆಯಿತು. ಎಲ್ಲರೂ ಕೈ ಬಿಟ್ಟರು, ಮೇಷ್ಟ್ರು ಮಾತ್ರ ನನ್ನ ಕೈ ಬಿಡಲಿಲ್ಲ.

“ಸಾರ್, ಪಾಠ ಮುಗೀತು!” ಎಂದು ಮಕ್ಕಳು ಕೂಗಿದರು.

“ಈ ಬಂಧ ಸುಲಭಕ್ಕೆ ಬಿಡಲ್ಲ ಅಂತ ನಿಮ್ಮ ಟೀಚರೇ ಹೇಳಿದ್ರಲ್ಲ,” ಎಂದರು. ಆಮೇಲೆ ಮುಖ ಕೆಂಪಾಗಿ, ನನಗೆ ಮಾತ್ರ ಕೇಳುವಂತೆ, “ಬೇಡ ಅಂದ್ರೆ ಈಗ್ಲೇ ಬಿಡ್ತೀನಿ,” ಎಂದರು. ನಾನು ಬೇಡ ಎನ್ನಲಿಲ್ಲ.

ಭಾನುವಾರ ಅವರನ್ನು ಮನೆಗೆ ಕರೆತರುತ್ತೇನೆ. ಕಾಲು ಮುರಿದ ಕುರ್ಚಿಯನ್ನು ಒಳಗಿಡಿ. ಅಮ್ಮನಿಗೆ ಮೆಲ್ಲಗೆ ಹೇಳಿ, ಓಣಿಗೆಲ್ಲ ಡಂಗುರ ಸಾರಿಬಿಟ್ಟಾಳು. ನೀವು ಮದುವೆಯ ಮಾತೆತ್ತಿದರೆ ಈ ಸಲ ನಾನು ಎದ್ದು ಹೋಗುವುದಿಲ್ಲ.

ನಿಮ್ಮ ಹಟಮಾರಿ ಮಗಳು