ಹೊಟ್ಟೆ ಸೀಳಿದ ಧ

ಗುರುಗಳಾದ ಧರ್ಮಣ್ಣನವರಿಗೆ,

ನಿಮ್ಮ ಹೆಸರಿನ ಮೊದಲ ಅಕ್ಷರದ ಹೊಟ್ಟೆ ಸೀಳಿದ್ದೇನೆಯೋ ಇಲ್ಲವೋ ಎಂದು ಮೂರು ಸಲ ನೋಡಿಕೊಂಡೇ ಈ ಸಾಲಿಗೆ ಬಂದಿದ್ದೇನೆ. ಸೀಳಿದ್ದೇನೆ. ನಿಮಗೆ ಗೊತ್ತಲ್ಲ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅದರಲ್ಲೂ ಒಂದು ವರ್ಷ ದನದ ಹಿಂದೆಯೇ ಹೋಯಿತು. ದ, ಧ ಎರಡೂ ನನ್ನ ಕಿವಿಗೆ ಒಂದೇ. ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನ ಪಕ್ಕದ ನಿಮ್ಮ ಬೋರ್ಡ್ ಅಂಗಡಿಗೆ ಕೆಲಸ ಕೇಳಲು ಬಂದಾಗ ಇದನ್ನು ಮೊದಲೇ ಹೇಳಿಬಿಟ್ಟಿದ್ದೆ. "ಬರೆಯೋಕೆ ಬರಲ್ಲ ಅಂದ್ರೆ ಬಿಡ್ಸು ಮಾರಾಯ. ಅಕ್ಷರನೂ ಒಂದು ಚಿತ್ರಾನೇ" ಅಂದಿರಿ. ಅಷ್ಟು ಸುಲಭವಾಗಿ ಯಾರಾದರೂ ನನ್ನನ್ನು ಒಳಗೆ ಕರೆದದ್ದು ಅದೇ ಮೊದಲು.

ಹೊಸನಗರದ ತಿಮ್ಮಪ್ಪಣ್ಣ ಮೊದಲ ಸಲ ಬಂದದ್ದು ನೆನಪಿದೆಯಾ? ಎರಡು ಹಾರ್ನು, ಒಂದು ಆಂಪ್ಲಿಫೈಯರ್ ಪೆಟ್ಟಿಗೆ, ಆಗಷ್ಟೇ ಶುರು ಮಾಡಿದ ಮೈಕ್ ಸೆಟ್ಟು. ನೀವು ಸಾಗರಕ್ಕೆ ಯಾವುದೋ ಅಂಗಡಿಯ ಬೋರ್ಡು ಬರೆಯಲು ಹೋಗಿದ್ದಿರಿ. "ಧ್ವನಿಧಾರೆ ಅಂತ ಬರೀಬೇಕು, ನಾಡಿದ್ದು ಬೇಕು" ಎಂದು ಬಾಯಲ್ಲಿ ಹೇಳಿ, ಪೆಟ್ಟಿಗೆ ಇಟ್ಟು ಹೋದರು. ಸುಣ್ಣದ ದಾರ ಹೊಡೆದು ಗೆರೆ ಹಾಕಿ, ಹಳದಿ ಬಣ್ಣದಲ್ಲಿ ಬರೆದೆ. ಎಷ್ಟು ದುಂಡಗೆ ಬಂದಿತ್ತು ಎಂದರೆ ಎದುರಿಗೆ ನಿಂತು ನಾನೇ ನೋಡುತ್ತಿದ್ದೆ. ಎರಡೂ ಅಕ್ಷರದ ಹೊಟ್ಟೆ ಪೂರ್ತಿ ಮುಚ್ಚಿತ್ತು. ದ್ವನಿದಾರೆ.

ಶಾಲೆಯ ವಾರ್ಷಿಕೋತ್ಸವದಲ್ಲಿ ಮೇಷ್ಟ್ರೊಬ್ಬರು ವಂದನಾರ್ಪಣೆಗೆ ಎದ್ದು, ಪೆಟ್ಟಿಗೆ ನೋಡಿ, ಇದ್ದದ್ದನ್ನು ಇದ್ದ ಹಾಗೇ ಓದಿದರಂತೆ: "ದ್ವನಿದಾರೆಯವರಿಗೂ ವಂದನೆಗಳು. ಪಾಪ, ಉಸಿರೊಂದನ್ನು ಮನೆಯಲ್ಲೇ ಬಿಟ್ಟು ಬಂದಿದ್ದಾರೆ!" ಮಾರನೆಯ ದಿನ ಬೆಳಗಿನ ಬಸ್ಸಿಗೇ ತಿಮ್ಮಪ್ಪಣ್ಣ ಬಂದರು, ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು.

"ಎಂತ ಧರ್ಮಣ್ಣ ಇದು? ನನ್ನ ಹಾರ್ನಲ್ಲೇ ನನ್ನ ಮಾನ ಹೋಯ್ತಲ್ಲ! ಇಡೀ ಪೇಟೆಗೆ ಕೇಳ್ತು!"

"ನಿನ್ನ ಹಾರ್ನು ಚಲೋ ಕೆಲಸ ಮಾಡ್ತದೆ ಅಂತಾಯ್ತಲ್ಲ" ಅಂದಿರಿ ನೀವು.

ನಾನು ಅಂಗಡಿಯ ಹಿಂದೆ ನಿಂತು, ಊರಿಗೆ ಹೋಗುವ ಮುಂದಿನ ಬಸ್ಸು ಎಷ್ಟೊತ್ತಿಗೆ ಎಂದು ಯೋಚಿಸುತ್ತಿದ್ದೆ. ನೀವು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಿರಿ. ಕೈಯಲ್ಲಿದ್ದ ಬ್ರಷ್ಷಿನಲ್ಲಿ ಕೆಂಪು ಬಣ್ಣವಿತ್ತು. ಅದರಲ್ಲೇ ಎರಡು ಅಕ್ಷರದ ಅಡಿಗೂ ಒಂದೊಂದು ಗೀಟು ಎಳೆದಿರಿ. "ಇದು ಮಹಾಪ್ರಾಣ ಕಣೋ. ಹೊಟ್ಟೆ ಸೀಳಿದ್ರೇ ಉಸಿರು ಹೊರಗೆ ಬರೋದು." ತಿಮ್ಮಪ್ಪಣ್ಣನ ಸಿಟ್ಟು ಇಳಿದಿರಲಿಲ್ಲ. "ಇನ್ನು ನನ್ನ ಸೆಟ್ಟು ಇವನ ಕೈಗೆ ಕೊಡಬ್ಯಾಡಿ" ಅಂದರು. ನೀವು ತಲೆ ಎತ್ತಲೂ ಇಲ್ಲ. "ಇವನೇ ಬರೆಯೋದು. ಬ್ಯಾಡ ಅಂದ್ರೆ ಪೆಟ್ಟಿಗೆ ತಗಂಡು ಹೋಗು." ಅವರು ತೆಗೆದುಕೊಂಡು ಹೋಗಲಿಲ್ಲ. ಆದರೆ ಹೋಗಿಬಿಟ್ಟಿದ್ದರೆ? ನನ್ನಂಥವನಿಗಾಗಿ ನೀವು ಯಾಕೆ ಅಷ್ಟು...

ಆಮೇಲೆ ಪ್ರತಿ ವರ್ಷ ಮಳೆ ಮುಗಿದ ಕೂಡಲೇ ಅವರ ಪೆಟ್ಟಿಗೆಗಳು ಬಂದವು. ಅಕ್ಷರ ಹಳದಿ, ಸೀಳು ಕೆಂಪು, ಅದೇ ರೂಢಿಯಾಯಿತು. ಪ್ರತಿ ಸಲವೂ ಬ್ರಷ್ಷು ಎತ್ತಿ ಹಿಡಿದು ನಾನು "ಸೀಳ್ಬೇಕಾ?" ಎನ್ನುವುದು, ನೀವು "ಸೀಳು" ಎನ್ನುವುದು. ಬೇರೆ ಬೋರ್ಡಿನವರೆಲ್ಲ ಮೂಲೆಯಲ್ಲಿ ಚಿಕ್ಕದಾಗಿ ತಮ್ಮ ಹೆಸರು ಹಾಕುತ್ತಿದ್ದರು. ನಾನೂ ಹಾಕಲಾ ಎಂದರೆ, "ಯಾರನ್ನೂ ಕೇಳದೆ ಬರೆದ ದಿನ ಹಾಕ್ಕೋ" ಅನ್ನುತ್ತಿದ್ದಿರಿ. ಆ ದಿನ ಬರುವ ಮೊದಲೇ ನೀವು ಕಣ್ಣು ಮುಚ್ಚಿಬಿಟ್ಟಿರಿ.

ಇನ್ನು ಯಾರನ್ನು ಕೇಳಲಿ? ಒಂದೊಂದು ಬೋರ್ಡಿಗೂ ಚೀಟಿ ಹಿಡಿದು, ಅಕ್ಷರ ಸರಿಯಿದೆಯಾ ಎಂದು ಕೇಳಲು ಪೋಸ್ಟಾಫೀಸಿಗೆ ಓಡುತ್ತಿದ್ದೆ. ಎರಡು ಮಳೆಗಾಲ ಕಳೆದರೂ ತಿಮ್ಮಪ್ಪಣ್ಣ ಬರಲಿಲ್ಲ. ಹಳೆಯ ಸಿಟ್ಟು ಮರೆತಿಲ್ಲ, ನಿಮ್ಮ ದಾಕ್ಷಿಣ್ಯಕ್ಕೆ ಸುಮ್ಮನಿದ್ದರು, ಅಷ್ಟೇ ಎಂದುಕೊಂಡೆ. ಈ ಸಲ ಒಂದು ಕಾರ್ಡು ಬಂತು. ದೊಡ್ಡ ಸೆಟ್ಟು ಮಾಡಿದ್ದಾರಂತೆ, ಸಾಗರದಲ್ಲಿ ವಾದ್ಯಗೋಷ್ಠಿ ಇದೆಯಂತೆ, ಆರು ಹೊಸ ಪೆಟ್ಟಿಗೆಗೆ ಹೆಸರು ಬೇಕಂತೆ. ಬಸ್ಸಿನಲ್ಲಿ ಬಣ್ಣದ ಡಬ್ಬಿಯ ಮುಚ್ಚಳ ಎಷ್ಟು ಸಲ ಒತ್ತಿ ನೋಡಿದೆನೋ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಹೊಸನಗರದ ಅವರ ಗೋಡೌನಿನಲ್ಲಿ ಕಪ್ಪು ಸ್ಪೀಕರ್ ಪೆಟ್ಟಿಗೆಗಳು ನನ್ನ ಎದೆಯ ಎತ್ತರಕ್ಕೆ ನಿಂತಿದ್ದವು. ಕೆಳಗೆಲ್ಲ ಜಾಲರಿ, ಮೇಲೆ ಮೊಳದುದ್ದದ ಹಲಗೆ. ತಿಮ್ಮಪ್ಪಣ್ಣನ ಅಳಿಯ ಸುರೇಶ ನನ್ನ ಚೀಲ ನೋಡಿ, "ಮಾವ, ಈಗೆಲ್ಲ ಇಂಗ್ಲಿಷಲ್ಲಿ ಸ್ಟಿಕ್ಕರ್ ಅಂಟ್ಸೋದು. ಶಿವಮೊಗ್ಗದಲ್ಲಿ ಮಾಡ್ಕೊಡ್ತಾರೆ" ಅಂದ. "ಒಂದು ಪೆಟ್ಟಿಗೆ ಇವನು ಬರೀಲಿ. ನೋಡಿ ಹೇಳು" ಅಂದರು ತಿಮ್ಮಪ್ಪಣ್ಣ.

ಇದು ಕೈತಪ್ಪಿದರೆ ನೀವು ಅಂದು ನನ್ನ ಪರವಾಗಿ ಆಡಿದ ಮಾತೇ ಸುಳ್ಳಾಗುತ್ತದೆ, ಧರ್ಮಣ್ಣ. ಹಲಗೆಯ ಅಗಲ ಅಳೆದೆ. ಪೂರ್ತಿ ಹೆಸರು ಬರೆದರೆ ದೂರದಿಂದ ಇರುವೆ ಸಾಲು ಕಂಡ ಹಾಗೆ ಕಾಣುತ್ತದೆ. ಅದಕ್ಕೇ ಒಂದೇ ಒಂದು ಅಕ್ಷರ ಬಿಡಿಸಿದೆ. ಹಲಗೆಯ ತುಂಬ ಹಳದಿ. ಬ್ರಷ್ಷು ಕೆಂಪಿಗೆ ಅದ್ದಿ ಎತ್ತಿ ಹಿಡಿದೆ. ಬಾಯಿ ತೆರೆದೂ ಇದ್ದೆ. ಯಾರಿದ್ದಾರೆ? ಬಾಯಿ ಮುಚ್ಚಿಕೊಂಡು ಸೀಳಿದೆ.

"ಒಂದೇ ಅಕ್ಷರಾನಾ?" ಸುರೇಶ ನಕ್ಕ. "ಪೂರ್ತಿ ಹೆಸರು ಬರಲ್ವಾ ಇವ್ರಿಗೆ?"

ತಿಮ್ಮಪ್ಪಣ್ಣ ಪೆಟ್ಟಿಗೆಯನ್ನು ಬಾಗಿಲಾಚೆ ಇಡಿಸಿ, ನಮ್ಮನ್ನು ಎದುರಿನ ಗದ್ದೆಯ ಆ ತುದಿಗೆ ಕರೆದುಕೊಂಡು ಹೋದರು. ಅಲ್ಲಿ ಹುಲ್ಲು ಹೊರೆ ಹೊತ್ತ ಅಜ್ಜಿಯೊಬ್ಬರು ಬರುತ್ತಿದ್ದರು. "ಅಜ್ಜಿ, ಅಲ್ಲೆಂತ ಬರೆದಿದೆ ಹೇಳಿ ಕಾಣುವ?"

"ನಂಗೆ ಓದಾಕೆ ಎಲ್ಲಿ ಬತ್ತದೆ ಮಾರಾಯ?" ಅಜ್ಜಿ ಹೊರೆ ಸ್ವಲ್ಪ ಎತ್ತಿ ನೋಡಿದರು. "ಓ, ಕೆಂಪು ಗೀಟಿನ ಮೈಕ್ನೋರಾ! ನಮ್ಮ ಹುಡುಗಿ ಮದುವೆಗೂ ಅದೇ ಬಂದಿತ್ತಲ್ಲ."

ತಿಮ್ಮಪ್ಪಣ್ಣ ತೊಡೆ ತಟ್ಟಿಕೊಂಡು ನಕ್ಕರು. "ಊರೂರಲ್ಲೂ ನಮ್ಮನ್ನ ಹಂಗೇ ಕರೆಯೋದು. ನಿಂಗೆ ಗೊತ್ತಿಲ್ವನಾ? ಎರಡು ವರ್ಷ ಈ ಸೆಟ್ಟು ಕಟ್ಟೋದ್ರಲ್ಲೇ ಹೋಯ್ತು. ಹಳೇ ಪೆಟ್ಟಿಗೆ ಮೇಲೆ ಬೇರೆಯವರ ಬ್ರಷ್ಷು ತಾಗ್ಸಿಲ್ಲ ನಾನು." ಗೊತ್ತಿರಲಿಲ್ಲ, ಧರ್ಮಣ್ಣ. ನಾನು ಯಾವುದನ್ನು ತಪ್ಪು ಎಂದು ಇಷ್ಟು ವರ್ಷ ಹೊತ್ತು ತಿರುಗಿದೆನೋ, ಅದರ ಮೇಲೆ ನೀವು ಎಳೆದ ಗೀಟು ಓದು ಬಾರದವರಿಗೂ ಓದಲು ಬರುತ್ತಿತ್ತು. ನಿಮಗಾದರೂ ಗೊತ್ತಿತ್ತಾ?

ಸಾಗರದಲ್ಲಿ ಸಂಜೆ ಹೊತ್ತಿಗೇ ಜನ. ವೇದಿಕೆಯ ಆಚೆ ಮೂರು, ಈಚೆ ಮೂರು, ಒಟ್ಟು ಆರು ಧ. ಬಣ್ಣ ಒಣಗಿದೆಯೋ ಇಲ್ಲವೋ ಎಂದು ಎರಡು ಸಲ ಹೋಗಿ ಮುಟ್ಟಿ ಬಂದೆ. ನಿರೂಪಕರು ಮೈಕ್ ಹಿಡಿದು "ಧ್ವನಿವ್ಯವಸ್ಥೆ, ಧ್ವನಿಧಾರೆ" ಅಂದರು. ಎಂಥ ಉಸಿರು ಅಂತೀರಿ! ಮೊದಲ ಸಲ ನನ್ನ ಕಿವಿಗೇ ದ ಬೇರೆ, ಧ ಬೇರೆ ಕೇಳಿಸಿತು. ಹಿಂದಿನಿಂದ ಯಾರೋ "ಕೆಂಪು ಗೀಟು!" ಎಂದು ಕೂಗಿ ಸಿಳ್ಳೆ ಹೊಡೆದರು. ತಬಲಾದ ಮೊದಲ ಪೆಟ್ಟು ಬಂದು ಎದೆಗೇ ಬಡಿಯಿತು. ತಿಮ್ಮಪ್ಪಣ್ಣ ನನ್ನನ್ನು ಮುಂದಿನ ಸಾಲಿನ ಕುರ್ಚಿಗೆ ಎಳೆದು ಕೂರಿಸಿದರು. ಸುರೇಶ ಬಂದು ಕಿವಿಯ ಹತ್ತಿರ ಬಗ್ಗಿ, "ಅಣ್ಣಾ, ವ್ಯಾನಿನ ಮೇಲೂ ಒಂದು ಬಿಡಿಸ್ಕೊಡಿ. ದೊಡ್ಡದು" ಅಂದ.

ಇನ್ನೊಂದು ಸುದ್ದಿ ಇದೆ. ಸಾಗರಕ್ಕೆ ಹೊರಡುವ ಮುಂಚೆ ತಿಮ್ಮಪ್ಪಣ್ಣ ಚಿಕ್ಕ ಬ್ರಷ್ಷು ನನ್ನ ಕೈಗಿಟ್ಟು, "ಮೂಲೇಲಿ ಹೆಸರು ಹಾಕೋ ಮಾರಾಯ, ಇನ್ನೆಷ್ಟು ವರ್ಷ ಹೆದರ್ತೀಯಾ?" ಅಂದಿದ್ದರು. ನನ್ನ ಹೆಸರು ಹಾಕಲು ಕೈ ಬರಲಿಲ್ಲ. ಆರೂ ಪೆಟ್ಟಿಗೆಯ ಮೂಲೆಯಲ್ಲಿ "ಧರ್ಮಣ್ಣನ ಶಿಷ್ಯ" ಎಂದು ಬರೆದೆ. ಶಿಷ್ಯನಿಗೆ ಯಾವ ಶ ಮೊದಲು, ಯಾವ ಷ ಆಮೇಲೆ ಎಂದು ಈಗಲೂ ಒಂದು ಅಳುಕು ಇದೆ. ತಪ್ಪಿದ್ದರೆ ಅದು ನನ್ನದು. ನಿಮ್ಮ ಹೆಸರಿನಲ್ಲಿ ತಪ್ಪಿಲ್ಲ. ಸೀಳ್ಬೇಕಾ ಎಂದು ಯಾರನ್ನೂ ಕೇಳಲಿಲ್ಲ.