ಬಸ್ಸು ಕಾಣದ ಬಸ್‌ಸ್ಟಾಂಡು

ಹೊಂಗೆಕೊಪ್ಪಲು, ದಂಡಿಗನಹಳ್ಳಿ ಹೋಬಳಿ
19-11-2025, ಬುಧವಾರ

ಮುನಿಸ್ಕೊಂಡು ದೂರ ಕೂತಿರೋ ನನ್ನ ಮುದ್ದು ತಮ್ಮ ರುದ್ರೇಶಂಗೆ,

ಹೆಂಗಿದ್ದೀಯಪ್ಪಾ? ಸೊಂಟದ ನೋವು ಕಮ್ಮಿ ಆಯ್ತಾ? ಕೊಣನೂರು ಸಂತೇಲಿ ಮೂಟೆ ನೀನೇ ಎತ್ತಬೇಡ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ, ನೀನು ಕೇಳಿದ್ರೆ ತಾನೇ! ನಿನ್ನ ಹೆಂಡ್ತಿ ಕಮಲಾಕ್ಷಿ ಚೆನ್ನಾಗಿದ್ದಾಳಾ? ಮಗಳು ನಿಧಿಗೆ ಬಿದ್ದ ಹಲ್ಲು ಮತ್ತೆ ಹುಟ್ತಾ? ನಾವೆಲ್ಲ ಇಲ್ಲಿ ಚೆನ್ನಾಗಿದ್ದೀವಿ. ನಿಮ್ ಭಾವಂಗೆ ಮಾತ್ರ ಎರಡೂ ಅಂಗೈಲಿ ಬೊಬ್ಬೆ ಎದ್ದಿದೆ. ಯಾಕೆ ಅಂತ ಆಮೇಲೆ ಹೇಳ್ತೀನಿ. ಕೇಳಿ ನೀನು ನಗದೆ ಇದ್ರೆ ನನ್ನ ಹೆಸ್ರು ಶಿವಗಂಗಮ್ಮನೇ ಅಲ್ಲ.

ಫೋನು ಮಾಡಿದ್ರೆ ನೀನು ಎತ್ತಲ್ಲ. 'ಭಾವ ಬಂದು ಕರೆಯೋವರೆಗೂ ನಿಮ್ಮನೆ ಹೊಸ್ಲು ತುಳಿಯಲ್ಲ, ನಿನ್ ಫೋನೂ ಎತ್ತಲ್ಲ' ಅಂದೋನು ಎರಡು ವರ್ಷದಿಂದ ಹಂಗೇ ಇದ್ದೀಯ. ನಮ್ಮಪ್ಪನ ಹಠ ಪೂರಾ ನಿಂಗೇ ಬಂದಿದೆ. ಅದಕ್ಕೇ ಈ ಕಾಗದ. ವಿಷಯ ಏನಪ್ಪಾ ಅಂದ್ರೆ, ಮೂವತ್ತನೇ ತಾರೀಖು ಭಾನುವಾರ ನಮ್ಮ ರಂಜಿತಾ ಮದುವೆ. ಹುಡುಗ ಅರಕಲಗೂಡಿನೋನು, ರಜನೀಶ್ ಅಂತ. ಸೋದರಮಾವ ಕೈ ಹಿಡಿದು ಕರ್ಕೊಂಡು ಹೋಗದೆ ನಮ್ಮ ಕಡೆ ಯಾವ ಹೆಣ್ಣು ಹಸೆ ಹತ್ತಿದ್ದಾಳೆ ಹೇಳು? 'ಮಾವನ ಜಾಗದಲ್ಲಿ ಬೇರೆ ಯಾರನ್ನಾದ್ರೂ ನಿಲ್ಲಿಸಿದ್ರಾಯ್ತು' ಅಂತ ನೆಂಟರಲ್ಲಿ ಯಾರೋ ಅಂದ್ರು. ರಂಜಿತಾ, 'ಹಂಗಾದ್ರೆ ಹೆಣ್ಣಿನ ಜಾಗದಲ್ಲೂ ಬೇರೆ ಯಾರನ್ನಾದ್ರೂ ನಿಲ್ಲಿಸ್ಕೊಳ್ಳಿ' ಅಂದ್ಬುಟ್ಟು ಎದ್ದು ಹೋದ್ಳು. ಯಾರ ಸೋದರಸೊಸೆ ಹೇಳು! ನೀನು ಬರದೆ ಇದ್ರೆ ಅವಳು ಹಸೆ ಹತ್ತಲ್ಲ, ಅದಂತೂ ಸತ್ಯ.

ಆ ಬಸ್‌ಸ್ಟಾಂಡು ಉದ್ಘಾಟನೆ ಆಗಿ ನಿಮ್ಮಿಬ್ರಿಗೂ ಮುನಿಸು ಹುಟ್ಟಿದ ದಿನ ನಾನಿನ್ನೂ ಮರೆತಿಲ್ಲ. ನಮ್ಮ ಪಾರ್ಟಿಯೋರು ಕಟ್ಟಿಸಿದ್ದು, ನಿಮ್ ಭಾವನೇ ಮುಂದೆ ನಿಂತು. ಎದುರು ಪಾರ್ಟಿ ಬೋರಪ್ಪ ಬೆಳಗಾಗೆದ್ದು ಹೋಟ್ಲು ಬಾಗ್ಲು ತೆಗೆದ್ರೆ ನಮ್ಮ ಲೀಡರ್ ಫೋಟೋನೇ ಕಾಣಬೇಕು ಅಂತ ಸ್ಟಾಂಡನ್ನ ಪೂರಾ ಅವನ ಹೋಟ್ಲು ಕಡೆ ತಿರುಗಿಸಿ ಕಟ್ಟಿಸಿದ್ರು. ರೋಡು ಬೆನ್ನ ಹಿಂದಕ್ಕೆ ಹೋಯ್ತು! ಒಳಗೆ ಕೂತೋರಿಗೆ ಬೋರಪ್ಪನ ದೋಸೆ ಕಾವಲಿ ಕಾಣ್ತದೆ, ಬಸ್ಸು ಕಾಣಲ್ಲ. ನೀನೂ ನಮ್ಮ ಪಾರ್ಟಿಯೋನೇ, ಕೊಣನೂರಲ್ಲಿ ಬಾವುಟ ಕಟ್ಟಿದೋನು, ಅದಕ್ಕೇ ನಿನ್ನ ಕರೆಸಿ ಮೈಕು ಕೊಟ್ರು. ನೀನೋ, 'ನಮ್ಮೋರು ಮಾಡಿದ್ರೂ ತಪ್ಪು ತಪ್ಪೇ. ಭಾವ, ಬಸ್ಸು ಬರೋದು ಆ ಕಡೆಯಿಂದ' ಅಂದ್ಬುಟ್ಟೆ. ಬೋರಪ್ಪನ ಕಡೆ ಹುಡುಗ್ರು ಶಿಳ್ಳೆ ಹೊಡೆದ್ರು ನೋಡು, ಅದು ನಿಮ್ ಭಾವನ ಎದೆಗೆ ನಾಟ್ಬುಡ್ತು. 'ನಮ್ಮನೇಲಿ ಉಂಡು ಅವರ ಎಲೆಗೆ ಬಡಿಸ್ತಾನೆ' ಅಂತ ಎಲ್ಲರ ಮುಂದೆ ಅಂದ್ರು. ನೀನು ಊಟಕ್ಕೂ ನಿಲ್ಲದೆ ಹೊರಟೆ. ಒಬ್ಬಟ್ಟು ಮಾಡಿದ್ದೆ ಕಣೋ ಅವತ್ತು.

ಆಮೇಲಿಂದ ನಿಮ್ ಭಾವ ಆ ಸ್ಟಾಂಡನ್ನ ಹೊಗಳಿದ್ದೇ ಹೊಗಳಿದ್ದು. 'ರೋಡಿನ ಧೂಳು ಮುಖಕ್ಕೆ ಹೊಡಿಯಲ್ಲ' ಅನ್ನೋರು, 'ಹಾರ್ನು ಕೇಳಿದ್ರೆ ಸಾಲ್ದಾ, ಬಸ್ಸನ್ನ ನೋಡೇ ಹತ್ತಬೇಕಾ' ಅನ್ನೋರು. ಬಸ್ಸು ತಪ್ಪಿಸ್ಕೊಂಡ ಜನ ಎಲ್ಲಿಗೆ ಹೋಗ್ತಾರೆ? ಎದುರಿಗಿರೋ ಬೋರಪ್ಪನ ಹೋಟ್ಲಿಗೆ! ಅವನು ಇನ್ನೂ ಎರಡು ಟೇಬಲ್ಲು ಹಾಕಿಸ್ದ. 'ಪರಮಶಿವಯ್ಯನೋರ ಪಾರ್ಟಿ ಊರಿಗೇನು ಮಾಡ್ತೋ ಕಾಣೆ, ನನ್ನ ಮಾತ್ರ ಉದ್ಧಾರ ಮಾಡ್ಬುಡ್ತು' ಅಂತ ನಿಮ್ ಭಾವನ ಹೆಸ್ರೆತ್ತಿ ಬಂದೋರ ಮುಂದೆಲ್ಲ ಆಡ್ಕೊಳ್ಳೋನು. ನಿಮ್ ಭಾವ ತಾವೂ ಬಸ್ಸು ತಪ್ಪಿಸ್ಕೊಂಡು, ಅವನ ಟೀ ಮುಟ್ಟದೆ, ಬಿಸ್ಲಲ್ಲಿ ನಡ್ಕೊಂಡು ಮನೆಗೆ ಬರೋರು. ಕೇಳಿದ್ರೆ, 'ವಾಕಿಂಗ್ ಹೋಗಿದ್ದೆ' ಅನ್ನೋರು. ನಾನು ಸೆರಗು ಬಾಯಿಗಿಟ್ಕೊಂಡು ಅಡುಗೆಮನೆಗೆ ಓಡ್ತಿದ್ದೆ.

ಹೋದ ತಿಂಗಳು ರಜನೀಶನ ಅಪ್ಪ ಅಮ್ಮ ವೀಳ್ಯದ ಶಾಸ್ತ್ರ ಮುಗಿಸ್ಕೊಂಡು ಹೊರಟ್ರು. ಹೊಳೆನರಸೀಪುರದ ಬಸ್ಸು ಹತ್ತಿಸ್ತೀನಿ ಅಂತ ನಿಮ್ ಭಾವ ಹೆಗಲ ಮೇಲೆ ಹೊಸ ಟವಲ್ಲು ಹಾಕ್ಕೊಂಡು ಹೋದ್ರು. ನಾನೂ ತೆಂಗಿನಕಾಯಿ ಚೀಲ ಹಿಡ್ಕೊಂಡು ಹಿಂದೆ ಹೋದೆ. ಬೀಗರನ್ನ ಸ್ಟಾಂಡೊಳಗೆ ಕೂರಿಸಿ, ಎಂಥಾ ತಂಪು, ಎಂಥಾ ಗಟ್ಟಿ ಕೆಲಸ ಅಂತ ಕೈ ಬೀಸ್ಕೊಂಡು ಹೇಳ್ತಿದ್ದಂಗೇ ಬೆನ್ನ ಹಿಂದೆ ಬರ್ರ್ ಅಂತ ಬಸ್ಸು ಹೋಗೇಬುಡ್ತು! ಡ್ರೈವರಿಗೆ ಜನ ಕಾಣಬೇಕಲ್ಲ, ಗೋಡೆ ನೋಡಿ ನಿಲ್ಲಿಸ್ತಾನಾ? ಬೀಗರು ಮೆತ್ತಗೆ, 'ಇದನ್ನ ಕಟ್ಟಿಸಿದ ಪುಣ್ಯಾತ್ಮರು ಯಾರು ಬೀಗರೇ?' ಅಂದ್ರು. ಬೋರಪ್ಪ ಟೀ ಸೋಸೋದು ಬಿಟ್ಟು ಕಿವಿ ನಿಮಿರಿಸ್ಕೊಂಡು ನಿಂತ. ನಮ್ಮೋರು ಇಂಜಿನಿಯರ್ ತಲೆಗೆ ಕಟ್ತಾರೆ, ಇಲ್ಲಾಂದ್ರೆ ಎದುರು ಪಾರ್ಟಿ ಪಿತೂರಿ ಅಂತಾರೆ ಅಂದ್ಕೊಂಡೆ. ನಿಮ್ ಭಾವ ಟವಲ್ಲಲ್ಲಿ ಮುಖ ಒರೆಸ್ಕೊಂಡು, 'ನಮ್ಮ ಪಾರ್ಟಿ ಕಟ್ಟಿಸಿದ್ದು. ಹಿಂದುಮುಂದಾಗಿ ತಿರುಗಿಸಿದ್ದು ನಾನೇ. ಇವನ ಹೊಟ್ಟೆ ಉರಿಸೋಕೋಗಿ ಜನಕ್ಕೆ ಬಸ್ಸು ತಪ್ಪಿಸ್ಬುಟ್ವಿ. ನಮ್ಮ ಬಾಮೈದ ಅವತ್ತೇ ಹೇಳ್ದ, ನಾನು ಕೇಳ್ಲಿಲ್ಲ' ಅಂದ್ರು. ಲೋ ರುದ್ರೇಶ, ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರೇ ಬಂದ್ಬುಡ್ತು ಕಣೋ!

ಬೋರಪ್ಪ ಕುಣಿದಾಡ್ತಾನೆ ಅಂದ್ಕೊಂಡ್ರೆ, ಅವನು ನಾಲ್ಕು ಲೋಟ ಟೀ ತಂದಿಟ್ಟು ತಲೆ ಕೆರ್ಕೊಂಡ. 'ಓಗ್ಲಿ ಬುಡಿ ಸಾ. ನಮ್ಮೋರು ಕಟ್ಟಿಸಿದ ದನದ ನೀರಿನ ತೊಟ್ಟಿ ನೋಡಿಲ್ವಾ? ಎಲ್ಲಾರ ಎಸ್ರೂ ಬರೆಸಕ್ಕೆ ಜಾಗ ಸಾಲ್ದು ಅಂತ ಎತ್ತರಕ್ಕೆ ಕಟ್ಟಿಸ್ದೋ. ಒಂದು ಅಸೂಗೂ ಬಾಯಿ ಎಟುಕಕ್ಕಿಲ್ಲ. ಒಂಟೆ ಬಂದ್ರೆ ಕುಡೀಬೌದು' ಅಂದ. ಬೀಗಿತ್ತಿ ನಕ್ಕು ನಕ್ಕು ಟೀ ನೆತ್ತಿಗೇರಿಸ್ಕೊಂಡ್ರು. ಕೊನೆಗೆ ಬೋರಪ್ಪನೇ ತನ್ನ ಆಟೋದಲ್ಲಿ ಅವರನ್ನ ಹೊಳೆನರಸೀಪುರಕ್ಕೆ ಬಿಟ್ಟು ಬಂದ. 'ತಪ್ಪು ಒಪ್ಕೊಳ್ಳೋ ಮನೆಯಿಂದ ಹೆಣ್ಣು ತರ್ತಿದ್ದೀವಿ, ನಮ್ಮ ಪುಣ್ಯ' ಅಂದ್ರಂತೆ ಬೀಗರು ದಾರೀಲಿ.

ಹೋದ ವಾರ ಗ್ರಾಮಸಭೇಲೂ ನಿಮ್ ಭಾವ, ಬೋರಪ್ಪ ಇಬ್ರೂ ಮೈಕಲ್ಲಿ ತಂತಮ್ಮ ಪಾರ್ಟಿ ತಪ್ಪನ್ನ ಒಪ್ಕೊಂಡ್ರು. ನಮ್ಮ ಬೀದಿ ಲಕ್ಕಮ್ಮಜ್ಜಿ ಎದ್ದು ನಿಂತು, 'ಇದೇನ್ರಲಾ, ಇಬ್ರಿಗೂ ಒಟ್ಟಿಗೇ ಜರ ಗಿರ ಬಂದೈತಾ?' ಅಂದ್ಲು, ಸಭೆ ಗೊಳ್ ಅಂತು. ಹೋಬಳಿಯಿಂದ ನಮ್ಮ ಪಾರ್ಟಿ ದೊಡ್ಡೋರೊಬ್ರು ಫೋನು ಮಾಡಿ, ಪಂಚಾಯ್ತಿ ಎಲೆಕ್ಷನ್ ಹತ್ರ ಬಂದಾಗ ಹಿಂಗಾ ಮಾತಾಡೋದು ಅಂತ ಗದರಿದ್ರು. ನಿಮ್ ಭಾವ, 'ಪಾರ್ಟಿ ನಂದೇ ಕಣಪ್ಪ, ಓಟೂ ನಮ್ಗೇ ಹಾಕ್ತೀನಿ. ಆದ್ರೆ ಬಸ್ಸು ಕಾಣಬೇಕು' ಅಂದು ಇಟ್ಬುಟ್ರು. ಪಂಚಾಯ್ತಿಯೋರೂ ಹೂಂ ಅಂದ ಮೇಲೆ ನಿನ್ನೆ ಹಿಂದಿನ ಗೋಡೆ ಒಡೆದ್ರು. ಹಾರೆ ಹಿಡಿದು ಮೊದಲ ಏಟು ಹಾಕಿದ್ದು ನಿಮ್ ಭಾವನೇ, ಆಮೇಲೂ ಯಾರ ಕೈಗೂ ಹಾರೆ ಕೊಡ್ಲಿಲ್ಲ. ಬೊಬ್ಬೆ ಬಂದಿದ್ದು ಅದಕ್ಕೇ. ತೂತು ದೊಡ್ಡದಾಗಿ ಚನ್ನರಾಯಪಟ್ಟಣದ ಬಸ್ಸು ಕಾಣಿಸ್ತಿದ್ದಂಗೇ, 'ಕಾಣ್ತದೆ ಕಣೇ, ಬಸ್ಸು ಕಾಣ್ತದೆ!' ಅಂತ ಮಗು ಥರ ಕೂಗಿದ್ರು. ಆಗ ನೀನು ಪಕ್ಕದಲ್ಲಿರಬೇಕಿತ್ತು.

ಊರಿಗೆಲ್ಲ ಹೇಳಿದೋರು ನಿಂಗೊಂದು ಫೋನು ಮಾಡಿ ಅಂದ್ರೆ ಮಾತ್ರ ಎಮ್ಮೆ ನೋಡ್ಕೊಂಡು ಬರ್ತೀನಿ ಅಂತ ಕೊಟ್ಟಿಗೆಗೆ ಹೋಗ್ತಾರೆ. ಮೈಕಿನ ಮುಂದೆ ಇದ್ದ ಧೈರ್ಯ ಬಾಮೈದನ ಮುಂದೆ ಇಲ್ಲ. ಹಾಗಂತ ನೀನೂ ಬಿಗ್ಕೊಂಡು ಕೂರಬೇಡ. ಇಬ್ರೂ ಸೇರಿ ನನ್ನ ಮಗಳ ಹಸೆ ಖಾಲಿ ಬಿಡಬೇಡಿ.

ನಮ್ಮಪ್ಪ ಪೂಜೆ ಮಾಡಿದ ಶಿವ ನಿಮ್ಮನ್ನ ತಣ್ಣಗಿಡ್ಲಿ. ಕಮಲಾಕ್ಷಿಗೆ ಅರಿಶಿನ ಕುಂಕುಮ ಇಟ್ಟಿದ್ದೀನಿ, ನಿಧಿ ಕೆನ್ನೆಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡು.

ನಿನ್ನ ದಾರಿ ಕಾಯ್ತಿರೋ ಅಕ್ಕ,
ಶಿವಗಂಗಮ್ಮ

ಮರೆತ ವಿಷಯ: ಅಯ್ಯೋ, ಮುಖ್ಯವಾದ್ದೇ ಬರೀಲಿಲ್ಲ. ಈ ಕಾಗದ ನಾನು ಅಂಚೆಗೆ ಹಾಕ್ಲಿಲ್ಲ. ತಂದಿರೋರು ನಿಮ್ ಭಾವ. ನಿಧಿ ಕೈಗೆ ಕೊಟ್ಟುಬುಟ್ಟು, ಈಗ ನಿಮ್ಮನೆ ಗೇಟಿನಾಚೆ ತೆಂಗಿನಮರದ ಕಡೆ ತಲೆ ಎತ್ಕೊಂಡು ನಿಂತಿರ್ತಾರೆ, ಆಚೆ ನೋಡು. ಲಗ್ನಪತ್ರಿಕೆ, ಎಲೆಅಡಿಕೆ ಚೀಲದಲ್ಲಿದೆ. ಜೊತೇಲಿ ನಾನೂ ಬರೋದು ಪದ್ಧತಿ. ಆದ್ರೆ ನಾನಿದ್ರೆ ಮಾತೆಲ್ಲ ನಾನೇ ಆಡ್ಬುಡ್ತೀನಿ ಅಂತ ಬೇಕಂತ್ಲೇ ಉಳ್ಕೊಂಡೆ. ಇಷ್ಟು ದೂರ ಬಂದೋರು ಆ ಗೇಟೊಂದು ದಾಟಲ್ಲ, ನಂಗೊತ್ತು. ಓದಿದ್ದು ಸಾಕು. ಎದ್ದು ಹೋಗಿ, 'ಭಾವ, ಬಸ್ಸು ಸಿಕ್ತಾ?' ಅಂತ ಕೇಳು.