ಪಟ್ಟಿ ಕಟ್ಟುವವರು

ಇವಳೇ,

ನೀನು ಕಣ್ಣು ಮುಚ್ಚಿದ ಮೇಲೆ ನನ್ನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುವವರಿಲ್ಲ. ನಾನೇ ಕಟ್ಟಿಕೊಂಡರೆ ಹೊಸಿಲು ದಾಟುವಷ್ಟರಲ್ಲಿ ಬಿಚ್ಚಿಕೊಳ್ಳುತ್ತದೆ. ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾದೀತು ಅಂದರು ಡಾಕ್ಟರು. ಅದಕ್ಕೇ ಇವತ್ತು ಸಹಾಯವಾಣಿಗೆ ಫೋನ್ ಮಾಡಿದೆ. ಕೇಳಿದರೆ ಮನೆಗೇ ನರ್ಸ್ ಕಳಿಸುತ್ತಾರಂತೆ.

ಫೋನೆತ್ತಿದ ಹುಡುಗಿ ಚುರುಕು. "ಮನೇಲಿ ಇನ್ಯಾರಿದ್ದಾರೆ, ಅಂಕಲ್?" ಅಂದಳು.

ಸರಕು ಖಾಲಿಯಾಗಿದ್ದರೂ ಗಿರಾಕಿಗೆ 'ಇಲ್ಲ' ಅನ್ನದೆ ಅಂಗಡಿ ಬೆಳೆಸಿದ ಬಾಯಿ ಇದು. "ನನ್ನಾಕೆ ಇದ್ದಾಳಲ್ಲಮ್ಮ," ಅಂದುಬಿಟ್ಟೆ.

"ಒಳ್ಳೇದಾಯ್ತು. ನಾಳೆ ನರ್ಸ್ ಬಂದು ಆಂಟಿಗೇ ಪಟ್ಟಿ ಕಟ್ಟೋದು ತೋರಿಸಿಕೊಡ್ತಾರೆ. ದಿನಾ ಬರೋದು ಒಂಟಿಯಾಗಿರೋರಿಗೆ ಮಾತ್ರ. ಆಂಟಿಗೆ ಕೈ ನಡುಗೋದೇನೂ ಇಲ್ವಲ್ಲ?"

"ನಡುಗೋದಾ? ನಾನು ಸ್ವಲ್ಪ ಅಲ್ಲಾಡಿದ್ರೂ ಬೆನ್ನಿಗೊಂದು ಬಿಡ್ತಾಳೆ."

ಹುಡುಗಿ ಮನಸಾರೆ ನಕ್ಕಳು. ನಾನೂ ನಕ್ಕೆ.

ಫೋನಿಟ್ಟಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅಡುಗೆಮನೆಗೆ ಹೋಗುತ್ತೇನೆ, ಬರುತ್ತೇನೆ, ನಂಬರು ಒತ್ತುತ್ತೇನೆ, ಕಟ್ ಮಾಡುತ್ತೇನೆ. ದಿನಾ ನರ್ಸ್ ಬರಬೇಕೆಂದರೆ ನೀನಿಲ್ಲ ಅಂತ ನನ್ನ ಬಾಯಿಂದಲೇ ಹೇಳಬೇಕು. ಕಚೇರಿ ಮುಚ್ಚುವುದರೊಳಗೆ ಹೇಳುತ್ತೇನೆ. ಆ ಹುಡುಗಿಯೇ ಫೋನೆತ್ತದಿದ್ದರೆ ಸಾಕು. ಎತ್ತಿದರೆ, ಆಂಟಿ ಏನಂದರು ಅಂತ ಕೇಳಿಯಾಳು.